ನೆನೆಸಿದ ಗಾಲಿ

ಕೆರೆಗೆ ನೀರಿಗೆ ಹೋದ ಫಕೀರವ್ವನ ಎದೆ ಧಸಕ್ಕೆಂದಿತು. ದಂಡೆಯಲ್ಲೇ ಎರಡು ಗಾಡಿಯ ಗಾಲಿಗಳು ನೀರಲ್ಲಿ ಮುಳುಗಿದ್ದವು. ತೇಲದಂತೆ ಅವುಗಳ ಮೇಲೆ ಕಲ್ಲು ಹೇರಿ, ಮೊಣಕಾಲುದ್ದ ನೀರಲ್ಲಿ ನಿಂತು ಹೊಳಿಯಪ್ಪ ಅವಳತ್ತ ನಗುತ್ತಿದ್ದ. ಬೇರೆ ದಿನವಾಗಿದ್ದರೆ ಸೆರಗಿನ ಮರೆಯಿಂದ ಅವಳೂ ಒಂದು ನಗು ಕೊಟ್ಟು ಹೋಗುತ್ತಿದ್ದಳು. ಇವತ್ತು ಕೊಡಲಿಲ್ಲ.

ನರಗುಂದದ ಗುಡ್ಡದ ಮೇಲೆ ಇನ್ನೂ ಸಂಸ್ಥಾನದ ನಿಶಾನೆ ಹಾರುತ್ತಿದ್ದ ಕಾಲ ಅದು. ಜಕ್ಕಲಿಯ ಹತ್ತಿ ಊರು ದಾಟಬೇಕೆಂದರೆ ಎತ್ತಿನ ಗಾಡಿಯೇ ಗತಿ. ಅಲ್ಲಿಯತನಕ ಮಂದಿಯ ಗಾಡಿ ಹೊಡೆದ ಹೊಳಿಯಪ್ಪ ಗಜೇಂದ್ರಗಡದಲ್ಲಿ ತನ್ನದೇ ಒಂದು ಚಕ್ಕಡಿ ಕೊಂಡು ಎಂಟು ದಿನವಾಗಿತ್ತು. ಹತ್ತು ಸುಗ್ಗಿ ಕುಮಟಾ ಬಂದರಿಗೆ ಓಡಾಡಿ, ಘಟ್ಟ ಇಳಿದು ಏರಿ ಸವೆದ ಗಾಡಿ. ನೊಗ ಸೀಳಿತ್ತು, ಅಚ್ಚು ಕಿರುಗುಟ್ಟುತ್ತಿತ್ತು, ಗಾಲಿಯ ಕಟ್ಟಿಗೆ ಕುಗ್ಗಿ ಸುತ್ತಲಿನ ಕಬ್ಬಿಣದ ಹಳಿ ಸಡಿಲಾಗಿತ್ತು. ಊರ ಬಡಿಗ ಯುಗಾದಿತನಕ ಪುರಸೊತ್ತಿಲ್ಲ ಎಂದ. ಹಾಗಾದರೆ ನಾನೇ ಮಾಡಿಕೊಳ್ಳುತ್ತೇನೆಂದು ಹೊಳಿಯಪ್ಪ ಉಳಿ, ಬಾಚಿ ಹಿಡಿದು ಕೂತುಬಿಟ್ಟ.

ಅವನ ಅವಸರಕ್ಕೆ ಕಾರಣ ಫಕೀರವ್ವನೇ. ಅವಳ ಗಂಡ ಶಿವನಪ್ಪ ತೀರಿ ಮೂರು ವರ್ಷವಾಗಿತ್ತು. ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಉಡಕಿ ಅವರ ಮಂದಿಯಲ್ಲಿ ನಡೆಯುತ್ತಿತ್ತು. ನಾಲ್ಕು ಎತ್ತು, ಒಂದು ಬಾವಿ ಇದ್ದ ರೋಣದ ಅಂದಾನೆಪ್ಪ ಸೋಮವಾರ ಸೀರೆ ತರುತ್ತೇನೆಂದು ಹೇಳಿ ಕಳಿಸಿದ್ದ. ಹೊಳಿಯಪ್ಪನೂ ಬಂದು ಕೇಳಿದಾಗ ಅವಳ ಅಣ್ಣ ಗುರುಸಂಗಪ್ಪ ಒಂದೇ ಮಾತು ಹೇಳಿದ್ದ: ಶುಕ್ರವಾರ ನನ್ನ ಹತ್ತಿ ಹೇರಿಕೊಂಡು ನರಗುಂದಕ್ಕೆ ಮುಟ್ಟಿಸಿ ಸೋಮವಾರದೊಳಗೆ ತಿರುಗಿ ಬಾ, ತಂಗಿ ನಿನಗೆ, ಇಲ್ಲವಾದರೆ ಅಂದಾನೆಪ್ಪನಿಗೆ.

ಮೊದಲ ದಿನಗಳು ಸಿಹಿಯಾಗಿಯೇ ಇದ್ದವು. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ, ಅಚ್ಚಿಗೆ ಹಚ್ಚಲೆಂದು ಅವಳೇ ಬಿದಿರಿನ ಗೊಟ್ಟದಲ್ಲಿ ತುಂಬಿ ಕೊಟ್ಟಿದ್ದಳು. ಅವನ ಮೂಗಿಗೆ ಮಸಿ ಮೆತ್ತಿತ್ತು. ಅವಳು ಕಣ್ಣಲ್ಲೇ ತೋರಿಸಿದಳು, ಅವನು ಗಲ್ಲ ಒರೆಸಿಕೊಂಡ. ಮತ್ತೆ ತೋರಿಸಿದಳು, ಹಣೆ ಒರೆಸಿಕೊಂಡ. ಬೇಕೆಂದೇ ಹಾಗೆ ಮಾಡುತ್ತಿದ್ದಾನೆಂದು ತಿಳಿದಾಗ ಅವಳ ಮುಖ ಕೆಂಪಾಯಿತು.

ಇವತ್ತು ಆ ಹುಡುಗಾಟಕ್ಕೆ ಜಾಗವಿರಲಿಲ್ಲ. ಫಕೀರವ್ವ ಕೊಡ ಕೆಳಗಿಟ್ಟಳು.

"ನೆನಸಿದ ಗಾಲಿಗೆ ಹಳಿ ಬಡೀಬ್ಯಾಡ್ರಿ. ಕಟಗಿ ಈಗ ಉಬ್ಬಿರತೈತಿ, ಬಿಸಲಿಗೆ ಒಣಗಿದ ಮ್ಯಾಲ ಕುಗ್ಗಿ ಹಳಿ ಬಿಚ್ಚತೈತಿ. ಅವರೂ ಹಿಂಗ ಮಾಡಿದ್ರು."

ಅವರು ಅಂದರೆ ಶಿವನಪ್ಪ. ಬೆಣ್ಣಿಹಳ್ಳದ ಇಳಿಜಾರಿನಲ್ಲಿ ಗಾಡಿ ಮಗುಚಿ ಸತ್ತವನು. ಎತ್ತು ಬೆದರಿತೆಂದು ಊರು ನಂಬಿತ್ತು. ಸಾಯುವ ಹಿಂದಿನ ವಾರ ಅವನು ಗಾಲಿ ನೆನೆಹಾಕಿದ್ದು ಅವಳೊಬ್ಬಳಿಗೇ ಗೊತ್ತಿತ್ತು. ಸತ್ತವನ ಮೇಲೆ ತಪ್ಪು ಹೊರಿಸಲು ಬಾಯಿ ಬಾರದೆ ಮೂರು ವರ್ಷ ನುಂಗಿಕೊಂಡಿದ್ದಳು, ಈಗಲೂ ಅಷ್ಟಕ್ಕೇ ನಿಲ್ಲಿಸಿದಳು.

ಹೊಳಿಯಪ್ಪನ ನಗು ಆರಿಹೋಯಿತು. "ನನ್ನ ನೋಡಿದಾಗೆಲ್ಲಾ ನಿನಗ ಅಂವ ನೆನಪಾಗ್ತಾನೇನು?" ಎಂದ.

ಅವಳು ಖಾಲಿ ಕೊಡ ಎತ್ತಿಕೊಂಡು ಮನೆಗೆ ಹೋದಳು.

ತಾ ಹಿಡಿದ ಮೊಲಕ್ಕೆ ಮೂರೇ ಕಾಲು. ಹೊಳಿಯಪ್ಪ ಮಂಗಳವಾರ ಕುಳ್ಳಿನ ಬೆಂಕಿಯಲ್ಲಿ ಹಳಿ ಕಾಸಿ, ನೆನೆದ ಗಾಲಿಗೇ ಬಡಿದು ಕೂರಿಸಿದ. ಅಲುಗಾಟವಿಲ್ಲ, ತಟ್ಟಿದರೆ ಗಂಟೆಯ ಸದ್ದು. ಬಡಿಗನೂ ನಾಚಬೇಕು ಎಂದು ಮಂದಿ ಹೊಗಳಿದರು. ಫಕೀರವ್ವ ಮಾತ್ರ ಹೊಗಳಲಿಲ್ಲ. ಅವಳಿಗೆ ಅವನು ಬೇಕಾಗಿದ್ದ, ಜೀವಂತ ಬೇಕಾಗಿದ್ದ.

ಶುಕ್ರವಾರ ಬೆಳಗ್ಗೆ ಹತ್ತಿ ಹೇರಿದ್ದಾಯಿತು, ಎತ್ತು ಹೂಡಿದ್ದಾಯಿತು. ಓಣಿಯ ಮಂದಿಯೆಲ್ಲ ನೆರೆದಿದ್ದರು. ಫಕೀರವ್ವ ಮನೆಯಿಂದ ಹೊರಬಂದವಳೇ ಗಾಲಿಯ ಮೇಲೆ ಕಾಲಿಟ್ಟು ಹತ್ತಿಯ ಮೇಲೆ ಏರಿ ಕೂತಳು.

ಅತ್ತಿಗೆ ಬಾಳವ್ವ ಬಾಯಿಗೆ ಸೆರಗು ಹಿಡಿದಳು. ಉಡಕಿ ಆಗದವಳು ಊರ ಮುಂದೆ ಒಬ್ಬನ ಗಾಡಿ ಏರಿದಳೆಂದರೆ ಮುಗಿಯಿತು, ಅಂದಾನೆಪ್ಪನಂಥವರು ಮತ್ತೆ ಆ ಹೊಸ್ತಿಲು ತುಳಿಯುವುದಿಲ್ಲ. ಇನ್ನು ಹೊಳಿಯಪ್ಪನೂ ಸೋತರೆ ಅವಳಿಗೆ ಆ ಮನೆಯೂ ಇಲ್ಲ, ಈ ಮನೆಯೂ ಇಲ್ಲ.

"ಇಳಿ," ಎಂದ ಹೊಳಿಯಪ್ಪ.

"ಯಾಕ್ರಿ? ಗಾಡಿ ಗಟ್ಟಿ ಐತೆಲ್ಲ. ಬೆಣ್ಣಿಹಳ್ಳ ದಾಟೂತನ ನಾನೂ ಬರ್ತೀನಿ."

ಅವನು ಅವಳ ಕಣ್ಣು ನೋಡಿದ. ಅಲ್ಲಿ ಹಟವಿರಲಿಲ್ಲ, ಅಂಜಿಕೆ ಇತ್ತು, ಆದರೂ ಅವಳು ಕದಲಲಿಲ್ಲ. ಬಾರುಕೋಲು ಎತ್ತಿದ ಕೈ ಹಾಗೇ ನಿಂತಿತು. ಬಗ್ಗಿ ಬಾರುಕೋಲಿನ ಹಿಡಿಯಿಂದ ಹಳಿಯನ್ನು ತಟ್ಟಿದ. ಮಂಗಳವಾರ ಗಂಟೆಯ ಹಾಗೆ ನುಡಿದ ಹಳಿ ಈಗ ಒಡಕು ಸದ್ದು ಮಾಡಿತು. ಮೂರೇ ದಿನದ ಬಿಸಿಲಿಗೆ ಕಟ್ಟಿಗೆ ಕುಗ್ಗಿ ಹಳಿ ಬಿಡತೊಡಗಿತ್ತು. ಬರೀ ಹತ್ತಿಯಾಗಿದ್ದರೆ ದೇವರ ಮೇಲೆ ಭಾರ ಹಾಕಿ ಹೊಡೆದೇಬಿಡುತ್ತಿದ್ದ. ಮೇಲೆ ಅವಳಿದ್ದಳು.

ಅವನು ಎತ್ತಿನ ಕೊರಳ ಹಗ್ಗ ಬಿಚ್ಚಿದ. "ಗಾಲಿ ನೆನಸಿ ಹಳಿ ಬಡದೀನ್ರಿ, ಗುರುಸಂಗಪ್ಪಣ್ಣ. ಹಳ್ಳ ಮುಟ್ಟೂದ್ರಾಗ ಬಿಚ್ಚತೈತಿ. ಈ ಗಾಡಿ ಇವತ್ತ ಹೋಗೂದಿಲ್ಲ."

ಕೊಟ್ಟ ಮಾತು ಮಾತೇ, ನೀನು ಸೋತೆ ಎಂದ ಗುರುಸಂಗಪ್ಪ. ತಂಗಿಗೆ ಇಳಿದು ಮನೆಗೆ ನಡೆ ಎಂದ. ಹೊಳಿಯಪ್ಪ ಅದನ್ನು ಕೇಳಿಸಿಕೊಂಡವನಂತೆ ಕಾಣಲಿಲ್ಲ. ಅವಳೊಬ್ಬಳಿಗೇ ಎಂಬಂತೆ ಹೇಳಿದ: "ಶಿವನಪ್ಪ ನನಗಿಂತ ಚಲೋ ಗಾಡಿಕಾರ. ಆ ಹೊಟ್ಟಿಕಿಚ್ಚಿಗೆ ನಿನ್ನ ಮಾತು ಕೇಳಲಿಲ್ಲ."

"ಚಲೋ ಗಾಡಿಕಾರ ಇದ್ರು," ಎಂದಳು ಫಕೀರವ್ವ. "ಆದ್ರ ನಾ ಬ್ಯಾಡ ಅಂದಾಗ ಅವರು ನಿಂದ್ರಸಲಿಲ್ಲ. ನೀವು ನಿಂದ್ರಸಿದ್ರಿ."

ಆಮೇಲೆ ಅಣ್ಣನ ಕಡೆ ತಿರುಗಿದಳು. "ಅವತ್ತ ಎತ್ತು ಬೆದರಲಿಲ್ಲ, ಯಣ್ಣಾ. ಗಾಲಿ ನೆನಸಿದ್ದಿತ್ತು. ಇದು ಒಣಗೂತನ ನಾ ಇಲ್ಲೇ ಕುಂದರ್ತೀನಿ."

ಬೆಣ್ಣಿಹಳ್ಳದಿಂದ ಶಿವನಪ್ಪನ ಹೆಣ ಹೊತ್ತು ತಂದವನು ಗುರುಸಂಗಪ್ಪನೇ. ಅವನು ಬಗ್ಗಿ ಆ ಗಾಲಿಯ ಹಳಿಯನ್ನು ಕೈಯಿಂದ ಅಲುಗಿಸಿ ನೋಡಿದ. ಒಣಗಲು ಎಷ್ಟು ದಿನ ಬೇಕೆಂದು ಕೇಳಿದ. ಎಂಟು ದಿನ ಎಂದ ಹೊಳಿಯಪ್ಪ.

ಗುರುಸಂಗಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡ. "ಗಾಲಿ ಎಂಟು ದಿನ ಒಣಗಲಿ," ಎಂದ. "ಸೀರಿ ಇವತ್ತ ತಾ."

ಹೊಳಿಯಪ್ಪ ಗಾಡಿಯ ಹತ್ತಿರ ಬಂದು, ಊರೆಲ್ಲ ನೋಡುತ್ತಿರುವಾಗಲೇ ಕೈ ಚಾಚಿದ. ಫಕೀರವ್ವ ಆ ಕೈ ಹಿಡಿದು ಇಳಿದಳು.