ಜಾಗ ತಪ್ಪಿ ಬಂದ ಫೈಲು

ಎರಡು ಫೈಲ್ ಹೋಗಬೇಕಿತ್ತು. ಹೋದದ್ದು ಮೂರು.

ಮೊದಲನೆಯದು ಶಿವರಂಜನಿ ಬರೆದ ಐಕಾನ್. ಎರಡನೆಯದು ಅದನ್ನು ಎಲ್ಲಿ ತೋರಿಸಬೇಕೆಂದು ಹೇಳುವ ನಾಲ್ಕು ಸಾಲಿನ ಕೋಡ್. ಮೂರನೆಯದರ ಹೆಸರು ‘ಸುಘೋಷ್‌ಗೆ’. ಅದನ್ನು ಕಂಡದ್ದೇ ಅವಳು ಕುರ್ಚಿಯಿಂದ ಅರ್ಧ ಎದ್ದಳು.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪ್ರೆಸ್ಸಿನಲ್ಲಿ ಅವಳು ಲಗ್ನಪತ್ರಿಕೆ ಡಿಸೈನ್ ಮಾಡುತ್ತಾಳೆ. ಊರವರ ಮದುವೆಗೆಲ್ಲ ಬಾಳೆಕಂದು, ಓಲಗ ಬರೆದು ಬರೆದು ಬೇಸತ್ತಿದ್ದಾಗ ಇಂಟರ್ನೆಟ್ಟಿನಲ್ಲಿ ಒಂದು ಪ್ಲಗಿನ್, ಅಂದರೆ ಬೇರೆ ಸಾಫ್ಟ್‌ವೇರಿಗೆ ಜೋಡಿಸುವ ಪುಟ್ಟ ತುಣುಕು, ಕಣ್ಣಿಗೆ ಬಿದ್ದಿತ್ತು. ಕೋಡ್ ಬರೆಯುವವರು ಬಳಸುವ ಎಡಿಟರ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಫೈಲಿನ ಹೆಸರಿನ ಪಕ್ಕ ಒಂದು ಪುಟ್ಟ ಚಿತ್ರ ತೋರಿಸುವುದಷ್ಟೇ ಅದರ ಕೆಲಸ. ಯಾರು ಬೇಕಾದರೂ ಚಿತ್ರ ಬರೆದು ಕಳಿಸಬಹುದು. ನೋಡಿ, ತಿದ್ದಿಸಿ, ಸೇರಿಸಿಕೊಳ್ಳುವವನು ಕೆಂಗೇರಿಯ ಸುಘೋಷ್.

ಎಂಟು ತಿಂಗಳಿಂದ ಅವನು ತಿದ್ದಿಸುತ್ತಲೇ ಇದ್ದ. ಒಂದು ಚುಕ್ಕೆ ಆಚೀಚೆ ಆದರೂ ಬಿಡುವ ಆಸಾಮಿಯಲ್ಲ. ವಿಜಯನಗರದಲ್ಲಿ ತಿಂಗಳಿಗೊಮ್ಮೆ ಪ್ಲಗಿನ್‌ಗೆ ಕೆಲಸ ಮಾಡುವವರೆಲ್ಲ ಸೇರುವಾಗ ಲ್ಯಾಪ್‌ಟಾಪನ್ನು ಕೈ ಚಾಚಿದಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ, “ಇಷ್ಟು ದೂರದಿಂದ್ಲೂ ಗೊತ್ತಾಗ್ಬೇಕು ರೀ” ಅನ್ನುತ್ತಿದ್ದ. ಆ ಕಿರಿದಾದ ಕಣ್ಣುಗಳನ್ನು ನೋಡಲೆಂದೇ ಅವಳು ಎರಡು ಬಾರಿ ಬೇಕೆಂದೇ ತಪ್ಪು ಬರೆದಿದ್ದಳು.

ಈ ಸಲದ್ದು ಬರಹದ ಫೈಲಿಗೆ ಐಕಾನ್. ಲಗ್ನಪತ್ರಿಕೆಗೆ ಅರಿಶಿನ ಹಚ್ಚುವ ಹಾಗೆ, ಮಡಿಸಿದ ಹಾಳೆಯ ನಾಲ್ಕೂ ಮೂಲೆಗೆ ಹಳದಿ. ಅಷ್ಟು ಚಿಕ್ಕದರಲ್ಲಿ ನಾಲ್ಕು ಕಾಣಲ್ಲ, ಒಂದೇ ಸಾಕು ಎಂದಿದ್ದ. ಒಂದೇ ಉಳಿಸಿದಳು. ಅದು ಹೇಗೆ ಕಾಣುತ್ತದೆಂದು ನೋಡಲು ಒಂದು ಫೈಲ್ ಬೇಕಿತ್ತು. ಖಾಲಿ ಫೈಲೇ ಸಾಕಿತ್ತು. ಹೆಸರು ಕೊಡಲು ಹೋಗಿ ಅವನ ಹೆಸರು ಕೊಟ್ಟಳು, ಹೆಸರು ಕೊಟ್ಟ ಮೇಲೆ ಏಳು ಸಾಲು ಬರೆದಳು. ಕಳಿಸುವಾಗ ಮಾತ್ರ ಒಂದೊಂದನ್ನೇ ಆರಿಸದೆ, ಫೋಲ್ಡರ್‌ನಲ್ಲಿದ್ದುದನ್ನೆಲ್ಲ ಒಟ್ಟಿಗೇ ದಾಟಿಸಿಬಿಟ್ಟಿದ್ದಳು.

“ಯಾಕ್ ತಾಯಿ, ಮುಖ ಹಂಗ್ ಬಿಳಿಚ್ಕೊಂಡೈತೆ?” ಕಾರ್ಡು ಮಡಿಸುತ್ತಿದ್ದ ರಾಮಮ್ಮ ಕೇಳಿದರು.

“ಒಬ್ರಿಗೆ ಕಳಿಸ್ಬಾರದ್ದನ್ನ ಕಳಿಸ್ಬಿಟ್ಟೆ ರಾಮಮ್ಮ. ಈಗ ತೆಗೆದ್ರೂ ಅವರಿಗೆ ತಾನಾಗೇ ಇಮೇಲ್ ಹೋಗಿರುತ್ತೆ.”

“ಪೋಸ್ಟ್ ಡಬ್ಬಕ್ಕೆ ಹಾಕಿದ್ ಕಾಗ್ದ, ಕೈ ಹಾಕಿ ತೆಗೆಯಕ್ಕಾಯ್ತದಾ?” ರಾಮಮ್ಮ ಮತ್ತೊಂದು ಕಾರ್ಡು ಮಡಿಸಿದರು. “ಒಳ್ಳೇದ್ ಬರ್ದಿದ್ಯೋ, ಕೆಟ್ಟದ್ದೋ?”

ಅವಳ ಕಿವಿ ಕೆಂಪಾದದ್ದನ್ನು ನೋಡಿ ರಾಮಮ್ಮ ಮುಂದೆ ಕೇಳಲಿಲ್ಲ.

ನಾಲ್ಕು ಗಂಟೆಗೆ ಉತ್ತರ ಬಂತು. “ಐಕಾನ್ ಚೆನ್ನಾಗಿದೆ. ಒಂದು ಫೈಲ್ ಜಾಗ ತಪ್ಪಿ ಬಂದಿದೆ. ದಯವಿಟ್ಟು ತೆಗೆದು ಮತ್ತೆ ಕಳಿಸಿ.” ಅಷ್ಟೇ. ಎಂದಿನ ಕೀಟಲೆಯಿಲ್ಲ. ಅದನ್ನು ತನ್ನ ಲ್ಯಾಪ್‌ಟಾಪಿನಲ್ಲೇ ಉಳಿಸಿಕೊಂಡು, ಉಳಿದೆರಡನ್ನು ಕಳಿಸಿದಳು. “ಸೇರಿಸಿದೆ, ಥ್ಯಾಂಕ್ಸ್” ಎಂದು ಬಂತು.

ಆ ‘ದಯವಿಟ್ಟು’ ಅವಳನ್ನು ನಾಲ್ಕು ದಿನ ತಿಂದುಹಾಕಿತು. ಓದಿ ನಕ್ಕಿರಬಹುದು. ನಗದೆ ಮರುಕಪಟ್ಟಿದ್ದರೆ ಅದು ಇನ್ನೂ ಕಷ್ಟ. ಇನ್ನು ಅವನು ಮೊದಲಿನಂತೆ ಅವಳ ಚಿತ್ರವನ್ನು ದೂರ ಹಿಡಿದು ನೋಡುವುದಿಲ್ಲ, ಅವಳೊಡನೆ ಜಗಳವಾಡುವುದಿಲ್ಲ. ಪ್ರೀತಿ ಸಿಗದಿದ್ದರೆ ಹೋಗಲಿ, ಆ ಜಗಳವೂ ಹೋಯಿತಲ್ಲ ಎಂದು ಅವಳಿಗೆ ನಿಜಕ್ಕೂ ಅಳು ಬಂತು.

ಭಾನುವಾರ ವಿಜಯನಗರಕ್ಕೆ ಹೋಗದೆ ಉಪಾಯವಿರಲಿಲ್ಲ. ತನ್ನ ಐಕಾನ್‌ಗಳ ಬಗ್ಗೆ ಮಾತಾಡುತ್ತೇನೆಂದು ತಿಂಗಳ ಮೊದಲೇ ಒಪ್ಪಿಕೊಂಡಿದ್ದಳು. ಹಾಲ್‌ಗೆ ಹೋಗುವ ಮೆಟ್ಟಿಲ ಮೇಲೆ ಸುಘೋಷ್ ಎರಡು ಕಪ್ ಕಾಫಿ ಹಿಡಿದು ನಿಂತಿದ್ದ.

“ನಾಲ್ಕು ದಿನದಿಂದ ನಿಮ್ದು ಒಂದ್ ಕಾಮೆಂಟೂ ಇಲ್ಲ,” ಎಂದ.

“ಸುಘೋಷ್, ಆ ಫೈಲು…”

“ನಾನು ಓದಿಲ್ಲ.”

ಅವಳು ನಂಬಲಿಲ್ಲ. ಚುಕ್ಕೆ ಚುಕ್ಕೆ ಎಣಿಸುವವನು ಏಳು ಸಾಲು ಬಿಟ್ಟಾನೆಯೇ?

“ನಿಜ ರೀ. ಇಮೇಲಲ್ಲಿ ಫೈಲಿನ ಹೆಸರು ನೋಡ್ದೆ. ಬೇಕು ಅಂತ ಕಳಿಸಿದ್ದಲ್ಲ ಅಂತ ಗೊತ್ತಾಯ್ತು. ನೀವ್ ಕೊಡ್ದೇ ಇರೋದನ್ನ ನಾನ್ ಹೆಂಗ್ ಓದ್ಲಿ?” ಕಪ್ ಅಲುಗಿ ಅವನ ಹೆಬ್ಬೆರಳ ಮೇಲೆ ಕಾಫಿ ಚೆಲ್ಲಿತು. “ಆದ್ರೆ ನಾಲ್ಕು ದಿನದಿಂದ ನಿದ್ದೆ ಇಲ್ಲ. ಚೆನ್ನಾಗಿ ಬೈದಿದೀರೇನೋ ಅಂತ ಒಂದ್ಸಲ ಅನ್ಸುತ್ತೆ.”

“ಬೈಯೋಕೆ ಫೈಲ್ ಯಾಕೆ? ಕಾಮೆಂಟಲ್ಲೇ ಬೈತೀನಲ್ಲ.”

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. “ಈಗ ಕೊಡ್ತೀರಾ? ಬೇಡ ಅಂದ್ರೂ ಪರವಾಗಿಲ್ಲ. ಮತ್ತೆ ಕೇಳಲ್ಲ.”

ಅವನು ಓದುತ್ತಾನೆಂಬ ಭಯಕ್ಕಿಂತ, ಅವನು ಮತ್ತೆ ಕೇಳುವುದಿಲ್ಲ ಎಂಬ ಭಯ ದೊಡ್ಡದಾಗಿತ್ತು. ಶಿವರಂಜನಿ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಹಳದಿ ಮೂಲೆಯ ಪುಟ್ಟ ಹಾಳೆ, ಪಕ್ಕದಲ್ಲಿ ಅವನ ಹೆಸರು. ಅದನ್ನು ಒತ್ತಿ ಅವನತ್ತ ತಿರುಗಿಸಿದಳು.

ಯಾವಾಗಲೂ ದೂರ ಹಿಡಿದು ನೋಡುವವನು ಈಗ ಪಕ್ಕದಲ್ಲಿ ಕೂತು, ಬಗ್ಗಿ, ಹತ್ತಿರದಿಂದ ಓದಿದ. ಅವಳು ಪರದೆ ನೋಡಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಕಾಫಿ ಚೆಲ್ಲಿದ ಹೆಬ್ಬೆರಳನ್ನೇ ನೋಡುತ್ತಿದ್ದಳು. ಏಳು ಸಾಲಿಗೆ ಇಷ್ಟು ಹೊತ್ತು ಬೇಕೆ? ಬಹುಶಃ ಎರಡನೇ ಸಲ ಓದುತ್ತಿದ್ದಾನೆ.

“ಒಂದ್ ತಿದ್ದುಪಡಿ ಇದೆ,” ಎಂದ ಕೊನೆಗೆ.

“ಇದ್ರಲ್ಲೂನಾ?”

“ಕೊನೇ ಸಾಲು.”

ಕೊನೆಯ ಸಾಲು ಅವಳಿಗೆ ಬಾಯಿಪಾಠವಾಗಿತ್ತು. ‘ಇದಕ್ಕೆ ನೀವು ಉತ್ತರ ಕೊಡಬೇಕಾಗಿಲ್ಲ.’

“ಅದನ್ನ ತೆಗೀರಿ,” ಎಂದ ಸುಘೋಷ್. “ಎಂಟ್ ತಿಂಗಳಿಂದ ಇಟ್ಕೊಂಡಿದೀನಿ, ಉತ್ತರ.”

ಅವಳು ಅಳಿಸುವ ಕೀಲಿ ಒತ್ತಿ ಹಿಡಿದಳು. ಅಕ್ಷರಗಳು ಒಂದೊಂದಾಗಿ ಹೋಗಿ ಸಾಲು ಖಾಲಿಯಾಯಿತು. ಮೇಲಿನ ಹಾಲ್‌ನಿಂದ ಯಾರೋ, ಮಾತಾಡಲು ಬರಬೇಕೆಂದು ಅವಳ ಹೆಸರು ಹಿಡಿದು ಕರೆದರು. ಇಬ್ಬರೂ ಏಳಲಿಲ್ಲ.