ಬಯಲು ಮದುವೆಯ ಕಬ್ಬಿಣದ ಹಿಡಿ

ಅವಳ ತಮ್ಮ ಸತ್ತ ಸಂಜೆ ವೇದಿಕೆಯ ಮೇಲಿನ ಹಾಡು ನಿಲ್ಲಲಿಲ್ಲ. ಅವಳಿಂದ ಹೊಟ್ಟೆಗೆ ಹಾಕಿಕೊಳ್ಳಲು ಆಗದೇ ಹೋದದ್ದು ಅದೊಂದೇ. ಒದ್ದೆ ನೆಲದಲ್ಲಿ ನಿಂತು, ವೈರಿನ ಸಿಪ್ಪೆ ಸುಲಿದದ್ದು ಗೊತ್ತಾಗದೆ ಅವನು ದೀಪದ ಕಂಬ ಹಿಡಿದಿದ್ದ. ವೇದಿಕೆಗೆ ದೀಪ ಕಟ್ಟುವ ಕಸುಬಿನಲ್ಲಿ ಅದು ಯಾರಿಗಾದರೂ ಆಗಬಹುದಿತ್ತು. ಆದರೆ ವೇದಿಕೆಯ ಹಿಂದೆ ಅವನ ಮೇಲೆ ಕೆಂಪು ಪರದೆಯೊಂದನ್ನು ಹೊದಿಸಿ, "ಜನ ಗಾಬರಿ ಬೀಳ್ತಾರೆ, ಪ್ರೋಗ್ರಾಂ ಮುಗೀಲಿ" ಎಂದವನು ಕಂಪನಿಯ ಯಜಮಾನ. ಮುಂದುಗಡೆ ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ಆ ಪರದೆಯನ್ನು ಹೊಲಿದವಳು ಅವಳೇ.

ತನಿಖೆಗೆ ಬಂದವರು ಒದ್ದೆ ನೆಲ, ಹಳೆಯ ವೈರು, ಯಾರ ತಪ್ಪೂ ಅಲ್ಲ ಎಂದು ಬರೆದುಕೊಂಡು ಹೋದರು. ಯಜಮಾನ ಒಂದೇ ಒಂದು ಸಲ ಮನೆಗೆ ಬಂದು, ಚಹಾ ಮುಟ್ಟದೆ ಕೂತು, "ಆಗಿದ್ದು ಆಗಿಹೋಯ್ತಮ್ಮ" ಎಂದು ಎದ್ದುಹೋದ. ಮತ್ತೆಂದೂ ಆ ಮಾತು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ವೇದಿಕೆ, ಡೇರೆ, ದೀಪ ಎಲ್ಲ ಬಾಡಿಗೆಗೆ ಕೊಡುವ ಅವನ ಕಂಪನಿಯಲ್ಲಿ ಅಲಂಕಾರದ ಕೆಲಸ ಅವಳದು. ಮರುವಾರವೇ ಕೆಲಸಕ್ಕೆ ಬಂದಳು. ಅಳು ಬರಲಿಲ್ಲ. ಉಪ್ಪು ಹಾಕಿದರೂ ಊಟ ಸಪ್ಪೆ. ಬೆರಳಿಗೆ ಸೂಜಿ ಚುಚ್ಚಿದರೆ ಬಟ್ಟೆಗೆ ರಕ್ತ ಹತ್ತಿದ ಮೇಲೆಯೇ ಗೊತ್ತಾಗುತ್ತಿತ್ತು. ಗಟ್ಟಿಗಿತ್ತಿ, ಎಲ್ಲ ನುಂಗಿಕೊಂಡಳು ಎಂದು ಜೊತೆಯವರು ಮೆಚ್ಚಿದರು.

ಹೀಗಿರುವಾಗ ಯಜಮಾನನ ಮಗಳ ಮದುವೆ ಗೊತ್ತಾಯಿತು.

"ಅಕ್ಕಾ, ಹಾಲ್‌ನಲ್ಲಿ ಕುರ್ಚಿ ಮೇಲೆ ಕೂತು ಆಕಳಿಸೋ ಮದುವೆ ನಂಗೆ ಬೇಡ," ಎಂದಳು ಮಗಳು, ಹೊಲಿಗೆ ಮೇಜಿನ ಮೇಲೆ ಹತ್ತಿ ಕೂತು. ಚಿಕ್ಕವಳಿದ್ದಾಗಿನಿಂದ ಅವಳು ಕೂರುವುದು ಅಲ್ಲೇ. "ಬಯಲಲ್ಲಿ ಮಾಡೋಣ. ದೊಡ್ಡ ಹಬ್ಬದ ಥರ. ಬಣ್ಣದ ಡೇರೆ, ಬಾವುಟ, ಉಯ್ಯಾಲೆ, ಹಾಡೋರು, ಕುಣಿಯೋರು. ಬಂದೋರೆಲ್ಲ ಗೇಟಲ್ಲೇ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಓಡಾಡ್ಬೇಕು."

"ಎಲ್ಲರೂ?"

"ಎಲ್ಲರೂ. ಅಪ್ಪನೂ. ಅವರ ಆ ದಪ್ಪ ಬೂಟು ಮೊದಲು ಬಿಚ್ಚಿಸ್ತೀನಿ ನೋಡಿ."

ಯೋಚನೆ ಆಗಲೇ ಬಂತು. ಬಂತು ಎನ್ನುವುದಕ್ಕಿಂತ, ಎಂದೋ ಬಂದು ಒಳಗೆ ಕೂತಿದ್ದು ಈಗ ಎದ್ದು ನಿಂತಿತು. ಅವಳು ಕತ್ತರಿ ಕೆಳಗಿಟ್ಟು ಹೇಳಿದಳು: "ಕತ್ತಲಾಗೋ ಹೊತ್ತಿಗೆ ಒಮ್ಮೆಗೇ ಎಲ್ಲ ದೀಪ ಹತ್ತಬೇಕು. ಅದಕ್ಕೊಂದು ಕಂಬ ಮಾಡೋಣ, ಅದಕ್ಕೊಂದು ದೊಡ್ಡ ಹಿಡಿ. ನಿಮ್ಮಪ್ಪ ಹಿಡಿ ಎಳೀತಾರೆ, ಇಡೀ ಬಯಲು ಬೆಳಗುತ್ತೆ."

ಮಗಳು ಮೇಜಿನಿಂದ ಧುಮುಕಿ ಅವಳನ್ನು ತಬ್ಬಿಕೊಂಡಳು. ಅವಳ ಕೈಗಳು ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿದ್ದವು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳು ಅವಸರ ಮಾಡಲಿಲ್ಲ. ಕಂಬವನ್ನು ಮರದಲ್ಲಿ ಮಾಡಿಸಿ ಕೆಂಪು ಹಳದಿ ಪಟ್ಟೆ ಬಳಿದಳು. ಹಿಡಿ ಮಾತ್ರ ಕಬ್ಬಿಣದ್ದು. ಹಳೆಯ ಗಿರಣಿಯೊಂದರ ಗುಜರಿಯಲ್ಲಿ ಸಿಕ್ಕಿದ್ದನ್ನು ಉಜ್ಜಿ ಹೊಳೆಯುವಂತೆ ಮಾಡಿದ್ದಳು. ನಿಜವಾಗಿ ನೋಡಿದರೆ ಅದೊಂದು ಆಟಿಕೆ. ಯಜಮಾನ ಹಿಡಿ ಎಳೆದದ್ದನ್ನು ದೂರದಿಂದ ನೋಡಿ ಜನರೇಟರಿನವನು ಸ್ವಿಚ್ ಒತ್ತುತ್ತಾನೆ, ಅಷ್ಟೆ. ಆದರೆ ಕಂಬದ ತುದಿಯಲ್ಲಿ ಪುಟ್ಟ ಬಲ್ಬುಗಳ ಕಿರೀಟವೊಂದು ಮೊದಲಿನಿಂದಲೇ ಬೆಳಗುತ್ತಿರಬೇಕು ಎಂದಳು. ಕಿರೀಟಕ್ಕೆ ಕರೆಂಟು ಬೇಕು, ಕರೆಂಟಿಗೆ ವೈರು ಬೇಕು. ವೈರನ್ನು ಎಳೆದವರು ಕಂಪನಿಯ ಹುಡುಗರು. ಅವರು ಹೋದ ಮೇಲೆ ಅವಳು ಕಂಬದ ಹಿಂಬದಿಯ ಹಲಗೆ ಬಿಚ್ಚಿ, ಹಿಡಿ ಕೆಳಗಿಳಿದಾಗ ತಾಗುವಲ್ಲಿ ವೈರಿನ ಸಿಪ್ಪೆಯನ್ನು ಕೆರೆದಳು. ಚಾಕುವಿನಿಂದ ಕತ್ತರಿಸಲಿಲ್ಲ. ಸವೆದು ಹೋದಂತೆ ಕಾಣಲೆಂದು ಕಲ್ಲಿನಿಂದ ಉಜ್ಜಿದಳು. ತಮ್ಮ ಚಿಕ್ಕಂದಿನಲ್ಲಿ ಪೆನ್ಸಿಲನ್ನು ಗೋಡೆಗೆ ಉಜ್ಜಿ ಚೂಪು ಮಾಡುತ್ತಿದ್ದುದು ನೆನಪಾಯಿತು. ನೆನಪಾಯಿತು, ಹೋಯಿತು.

ಹುಲ್ಲು ತಾಜಾ ಕಾಣಬೇಕೆಂದು ಮಧ್ಯಾಹ್ನ ನೀರು ಬಿಡಿಸುವುದು ಅಲಂಕಾರದವರ ಕೆಲಸವೇ. ಅದರಲ್ಲಿ ಯಾರಿಗೂ ಸಂಶಯ ಬರುವಂಥದ್ದಿಲ್ಲ. ಮಗಳು ಆ ಹೊತ್ತಿಗೆ ಬಯಲಿನ ಇನ್ನೊಂದು ತುದಿಯಲ್ಲಿ, ಹೂವಿನ ಉಯ್ಯಾಲೆಯ ಮೇಲೆ ಮದುಮಗನ ಪಕ್ಕ ಇರುತ್ತಾಳೆ. ಹಾಗೆಂದು ಇವಳೇ ಗೊತ್ತುಮಾಡಿದ್ದಳು. ತನಿಖೆಗೆ ಮತ್ತೆ ಯಾರೋ ಬರುತ್ತಾರೆ. ಒದ್ದೆ ನೆಲ, ಹಳೆಯ ವೈರು, ಯಾರ ತಪ್ಪೂ ಅಲ್ಲ ಎಂದು ಬರೆದುಕೊಳ್ಳುತ್ತಾರೆ.

ಮದುವೆಯ ದಿನ ಬಯಲು ಅವಳು ಅಂದುಕೊಂಡಂತೆಯೇ ಎದ್ದು ನಿಂತಿತು. ಡೇರೆಗಳ ಮೇಲೆ ಬಾವುಟ ಪಟಪಟಿಸಿದವು. ಮುಖಕ್ಕೆ ಬಣ್ಣ ಹಚ್ಚಿಸಿಕೊಂಡ ಮಕ್ಕಳು ಓಡಿದವು. ಗೇಟಿನಲ್ಲಿ ಚಪ್ಪಲಿಗಳ ಗುಡ್ಡೆ ಬೆಳೆಯಿತು. ಮದುಮಗನ ಸೋದರತ್ತೆಯೊಬ್ಬರು, "ಇದೇನು ಮದುವೆನೋ ಸರ್ಕಸ್ಸೋ?" ಎಂದು ಗೊಣಗುತ್ತಲೇ ಎರಡು ಸಲ ಉಯ್ಯಾಲೆಯಾಡಿ ಬಂದರು. ಯಜಮಾನ ಪ್ಯಾಂಟು ಮಡಚಿಕೊಂಡು, ಬೂಟಿಲ್ಲದ ಬೆಳ್ಳಗಿನ ಪಾದಗಳನ್ನು ನಾಚಿಕೆಯಿಂದ ಎತ್ತಿ ಎತ್ತಿ ಇಡುತ್ತ ಅವಳ ಬಳಿ ಬಂದ.

"ಚೆನ್ನಾಗ್ ಮಾಡಿದೀಯಮ್ಮ," ಎಂದ. ಇನ್ನೇನೋ ಹೇಳಬೇಕೆಂದು ಬಾಯಿ ತೆರೆದು, ನೆಲ ನೋಡಿದ. "ನಿನ್ ತಮ್ಮ ಇದ್ದಿದ್ರೆ..."

"ಹೊತ್ತಾಯ್ತು ಸರ್. ಕಂಬದ ಹತ್ರ ಹೋಗಿ," ಎಂದಳು ಅವಳು.

ಬೆಳಕು ಇಳಿಯಿತು. ಹಾಡು ಏರಿತು. ಜನ ಕಂಬದ ಸುತ್ತ ದೂರ ಸರಿದು ಜಾಗ ಬಿಟ್ಟರು. ಅವಳು ಮೊದಲ ಡೇರೆಯ ಪಕ್ಕ ಕೈಕಟ್ಟಿ ನಿಂತಳು. ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಬೇರೆ ಯಾರದೋ ಮನೆಯ ಕಿಟಕಿಯಿಂದ ನೋಡಿದಂತಿತ್ತು. ಯಜಮಾನ ಕೈ ಎತ್ತಿ ಎಲ್ಲರಿಗೂ ಬೀಸಿದ. ಅಷ್ಟರಲ್ಲಿ ಮಗಳು ಉಯ್ಯಾಲೆಯಿಂದ ಇಳಿದು, ಉಟ್ಟ ಬಟ್ಟೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು, ಬರಿಗಾಲಲ್ಲಿ ಬಯಲುದ್ದಕ್ಕೂ ಓಡಿಬಂದಳು. "ಅಪ್ಪಾ, ನಾನೂ!" ಎಂದು ನಗುತ್ತ ಹಿಡಿಯ ಮೇಲೆ ಅಪ್ಪನ ಕೈಪಕ್ಕದಲ್ಲೇ ತನ್ನ ಕೈ ಇಟ್ಟಳು.

ಡೇರೆಯ ಪಕ್ಕ ನಿಂತಿದ್ದವಳ ಕಾಲು ತಾನಾಗಿ ಓಡಿತು. ಗಂಟಲು ತಾನಾಗಿ ಬಿಚ್ಚಿಕೊಂಡಿತು. ಕೂಗಿದ್ದು ಹಾಡಿನಲ್ಲಿ ಮುಳುಗಿತು. ಮತ್ತೆ ಕೂಗಿದಳು. ಹಿಡಿ ಕೆಳಗೆ ಬಂತು.

ದೀಪ ಹತ್ತಲಿಲ್ಲ. ಕಂಬದ ಕಿರೀಟ ಆರಿತು, ಹಾಡು ಅರ್ಧಕ್ಕೆ ನಿಂತಿತು. ಆ ನಿಶ್ಶಬ್ದದಲ್ಲಿ ಅವಳ ಧ್ವನಿಯೊಂದೇ ಬಯಲ ತುಂಬ ಉಳಿಯಿತು: "ಕೈ ಬಿಡೇ! ಶಾಕ್ ಹೊಡೆಯುತ್ತೆ, ಬಿಡೇ!"

ಮಗಳು ಕೈ ಒದರಿಕೊಳ್ಳುತ್ತ, "ಅಬ್ಬಾ, ಚುರ್ ಅಂತು," ಎಂದು ಹಿಂದೆ ಸರಿದಳು. ಯಜಮಾನ ಮಗಳ ಅಂಗೈ ತಿರುಗಿಸಿ ನೋಡಿದ, ತನ್ನ ಅಂಗೈ ನೋಡಿಕೊಂಡ. ಇಬ್ಬರಿಗೂ ಏನೂ ಆಗಿರಲಿಲ್ಲ. ಅವಳು ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಬಿದ್ದಿದ್ದಳು. ಎಷ್ಟೋ ಕಾಲದ ಮೇಲೆ ಮೊದಲ ಸಲ ಅವಳಿಗೆ ತಣ್ಣಗೆನ್ನುವುದು ತಣ್ಣಗೆ ತಾಗಿತು. ಅಳು ಬಂತು. ಸಾವರಿಸಿಕೊಂಡು ಯೋಚಿಸಿದಳು. ಕೂಗಿದ್ದಕ್ಕೆ ಏನಾದರೂ ಹೇಳಬಹುದು, ತಮ್ಮನ ನೆನಪಾಯಿತು ಎನ್ನಬಹುದು. ಎಲ್ಲ ಸರಿಹೋಗುವ ತನಕ ಯಾರೂ ಕಂಬದ ಬಳಿ ಬರದಿದ್ದರೆ ಸಾಕು, ಸವೆದ ವೈರಿನ ಮೇಲೆ ಟೇಪು ಸುತ್ತಿಬಿಡಬಹುದು.

ಜನರೇಟರಿನವನು ಟಾರ್ಚು ಹಿಡಿದು, ನೆಲದ ಮೇಲಿನ ವೈರಿನ ಜಾಡಿನಲ್ಲೇ ನೇರ ಕಂಬದ ಕಡೆಗೆ ಬಂದ. "ಹೆದರ್ಬೇಡಿ ಅಕ್ಕ," ಎಂದ ಅವಳನ್ನು ದಾಟುತ್ತ. "ಮನುಷ್ಯನ ಮೈಗೆ ಕರೆಂಟ್ ಹರಿದ್ರೆ ಆ ಕ್ಷಣಕ್ಕೇ ಆಫ್ ಆಗೋ ಪೆಟ್ಟಿಗೆ ಇದೆ. ನಿಮ್ಮ ತಮ್ಮ ತೀರಿಕೊಂಡ ವಾರಾನೇ ಯಜಮಾನ್ರು ನಮ್ಮ ಎಲ್ಲಾ ಜನರೇಟರಿಗೂ ಹಾಕಿಸಿದ್ರು. ಎಲ್ಲಿ ಸೋರ್ತಿದೆ ಅಂತ ಹುಡುಕಿ, ಅದನ್ನ ಅವರ ಕಣ್ಣಿಗೆ ತೋರ್ಸೋ ತನಕ ಮತ್ತೆ ಆನ್ ಮಾಡೋ ಹಾಗಿಲ್ಲ. ನೀವು ಅವತ್ತಿಂದ ಜನರೇಟರ್ ಕಡೆ ಕಾಲೇ ಇಟ್ಟಿಲ್ವಲ್ಲ, ನಿಮಗೆಲ್ಲಿ ಗೊತ್ತಾಗ್ಬೇಕು?" ಯಜಮಾನ ಆಗಲೇ ಅವನಿಗಿಂತ ಮುಂಚೆ ಕಂಬದ ಹಿಂದೆ ಕುಕ್ಕರುಗಾಲಲ್ಲಿ ಕೂತು, ಹಲಗೆಯ ಮೊಳೆಗೆ ಉಗುರು ಹಾಕಿ ಎಳೆಯುತ್ತಿದ್ದ.