ಗಾಲಿಮನೆಯ ತಂಗಾಳಿ

ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎತ್ತಿನ ಬಂಡಿಯೊಂದು ಎದುರಾದರೆ ಮನುಷ್ಯನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಅಂಥ ಓಣಿಯೊಳಗೆ, ಕಡುಬೇಸಗೆಯ ಒಂದು ಬುಧವಾರ, ಇಪ್ಪತ್ತು ಅಡಿಯ ಬಿಳಿಯ ಕ್ಯಾರವಾನೊಂದು ಹಿಮ್ಮುಖವಾಗಿ, ಒಂದೇ ಏಟಿಗೆ, ಎಡಬಲದ ಗೋಡೆಗಳ ಸುಣ್ಣವನ್ನೂ ಕೆದರದೆ ಬಂದು ಶಾಂತಕುಮಾರನ ಎ.ಸಿ. ರಿಪೇರಿ ಅಂಗಡಿಯ ಮುಂದೆ ನಿಂತಿತು. ಇಂಥ ಡ್ರೈವರನ ಕೈಕುಲುಕಲೇಬೇಕೆಂದು ಆತನು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಎದ್ದು ಹೋದನು. ಬಾಗಿಲು ತೆರೆದು ಇಳಿದವಳು ತರುಣಿ. ಚಾಚಿದ ಕೈಯನ್ನು ಹಿಂದೆಗೆದು ಅವಸರದಿಂದ ನಮಸ್ಕರಿಸುವಾಗ ಪಾನಾ ಆತನ ಮೂಗಿಗೇ ಬಡಿಯಿತು.

“ಪೆಟ್ಟು ಹತ್ತಿತೇನ್ರಿ?” ಎಂದಳು ಆಕೆ.

“ಇಲ್ರಿ. ಪಾನಾಕ್ಕ ಏನೂ ಆಗಿಲ್ಲ.”

ಆಕೆ ಘತ್ತರಗಿಯ ಜಯಮಾಲಾ. ಆಳಂದದ ಎಂಟು ಮಂದಿ ಮುದುಕಿಯರು ಬರುವ ಭಾನುವಾರ ಆಕೆಯ ಗಾಡಿಯಲ್ಲಿ ಕುಳಿತು ಭಾಗ್ಯವಂತಿ ದೇವಿಯ ದರ್ಶನ ಮಾಡಿ, ಸೊನ್ನದ ಬ್ಯಾರೇಜು ನೋಡುವವರಿದ್ದರು. ಅದೇ ಮೊದಲ ಯಾತ್ರೆ.

“ಹೆಣ್ಮಗಳು ಗಾಡಿ ನಡಸ್ತಾಳಂತ ಮೊದಲ ಊರ ನಗಾಕತ್ತದ. ಈ ಬಿಸಲಾಗ ಮುದುಕ್ಯಾರನ್ನ ಬದನಿಕಾಯಿ ಸುಟ್ಟಂಗ ಸುಟ್ಟು ತಂದ್ರ, ಮತ್ತ ಯಾರೂ ಹತ್ತಂಗಿಲ್ರಿ. ಎ.ಸಿ. ಗಾಳಿನ ಬರವಲ್ದು.”

ಮೂವತ್ತಮೂರು ದಾಟಿದರೂ ಶಾಂತಕುಮಾರನಿಗೆ ಮದುವೆಯಾಗಿರಲಿಲ್ಲ. ಕಾರಣ ಆತನ ಸತ್ಯವಂತಿಕೆ. ಬೇರೆ ಯಾವ ವಿಷಯದಲ್ಲಿ ಹೇಗೋ, ಯಂತ್ರದ ವಿಷಯದಲ್ಲಿ ಆತನು ಸುಳ್ಳಾಡಿದವನಲ್ಲ. ನೆಲೋಗಿಯಲ್ಲಿ ಕನ್ಯೆ ನೋಡಲು ಹೋದಾಗ, ಅವರ ಮನೆಯ ಉಪ್ಪಿಟ್ಟನ್ನೇ ತಿನ್ನುತ್ತ, ಅವರ ಫ್ರಿಜ್ಜು ಇನ್ನು ಹದಿನೈದು ದಿನ ಬಾಳುವುದಿಲ್ಲ ಎಂದುಬಿಟ್ಟಿದ್ದನು. ಸಂಬಂಧ ಅಂದೇ ಮುರಿಯಿತು. ಫ್ರಿಜ್ಜು ಹನ್ನೆರಡನೆಯ ದಿನ ನಿಂತಿತು.

ಗಾಡಿಯೊಳಗೆ ಜಯಮಾಲಾಳ ಸೋದರತ್ತೆ ಹೀರಾಬಾಯಿ ಕಾಲು ಚಾಚಿ ಕುಳಿತಿದ್ದಳು. ಶಾಂತಕುಮಾರನು ಸ್ಟೂಲು ಹತ್ತಿ ಚಾವಣಿಯ ಎ.ಸಿ.ಗೆ ಹೊದಿಸಿದ ಜಾಳಿಗೆ ಬಿಚ್ಚಿದನು. ಫಿಲ್ಟರಿನ ಮೇಲೆ ಹೊಲದ ದಾರಿಗಳ ಧೂಳೆಲ್ಲ ಕೌದಿಯಂತೆ ಹೊಲಿದುಕೊಂಡು ಕುಳಿತಿತ್ತು. ತೊಳೆದು ಹಾಕಿದೊಡನೆ ಗಾಳಿ ಭರ್ರೆಂದು ಬಂದಿತು. ಥರ್ಮಾಮೀಟರು ಹಿಡಿದು ತೋರಿಸಿದನು.

“ಒಳಗ ಹೋಗೋ ಗಾಳಿ ಮೂವತ್ತನಾಕು, ಹೊರಗ ಬರೋದು ಇಪ್ಪತ್ತೆರಡು. ಹನ್ನೆರಡು ಡಿಗ್ರಿ ಫರಕ. ಮಷೀನು ತಬಿಯತ್ತಿಗೆ ಚೊಲೊ ಅದ್ರಿ.”

ಹೀರಾಬಾಯಿ ಜಾಳಿಗೆಯ ಮೇಲಿನ ಪೊಳ್ಳನ್ನು ಕತ್ತೆತ್ತಿ ನೋಡಿದಳು. “ತಮ್ಮಾ, ಅದರಾಗ ಹಸಿ ಇರ್ತದೇನು?”

“ಇಲ್ರಿ ಅಮ್ಮಾರ. ಗಾಳಿ ಅದರಾಗಿಂದನ ಒಳಗ ಎಳಕೋತದ. ಒಣಗಿರ್ತದ. ಇರಬಿ ಸೈತ ಬರಂಗಿಲ್ಲ.”

“ಭಾಳ ಚೊಲೊ ಆತು ಬಿಡು,” ಎಂದು ಆಕೆ ಹೇಳಿದ ಬಗೆಯಲ್ಲಿ ಒಂದು ವಿಶೇಷವಿತ್ತು. ಶಾಂತಕುಮಾರನು ಅದನ್ನು ಗಮನಿಸಲಿಲ್ಲ. ಆತನು ಜಯಮಾಲಾಳ ಹಣೆಯ ಬೆವರು ಆರುವುದನ್ನು ನೋಡುತ್ತಿದ್ದನು.

ಗುರುವಾರ ಗಾಡಿ ಮತ್ತೆ ಬಂದಿತು. ಮನೆಗೆ ಹೋದ ಮೇಲೆ ಗಾಳಿ ಉಸಿರು ಕಟ್ಟಿದಂತಾಯಿತೆಂದು ದೂರು. ಅಂಗಡಿಯ ಮುಂದೆ ಹಚ್ಚಿದರೆ ಹಿಮದ ಗಾಳಿ! ಆತನು ಸುಡುವ ಮೇಲ್ಛಾವಣಿ ಹತ್ತಿ, ಎ.ಸಿ.ಯ ಬಾಗಿದ ತಗಡಿನ ರೆಕ್ಕೆಗಳನ್ನು ಬಾಚಣಿಗೆಯಿಂದ ಒಂದೊಂದಾಗಿ ನೆಟ್ಟಗೆ ಮಾಡಿದನು. ಕೆಳಗೆ ಕೊಡೆ ಹಿಡಿದು ನಿಂತ ಜಯಮಾಲಾ, “ಬೈತಲಿ ತೆಗೆದು ಹೆರಳೂ ಹಾಕ್ರಿ,” ಎಂದು ಕೆಣಕಿದಳು.

ಶುಕ್ರವಾರ ಮೂರನೆಯ ಸಲ. ಅದೇ ದೂರು, ಅದೇ ಹಿಮದ ಗಾಳಿ. ಆತನು ಥರ್ಮಾಮೀಟರು ಚಾಚಿದರೆ ಆಕೆ ಅದನ್ನು ಬಿಟ್ಟು ಆತನ ಬಾತ ಮೂಗನ್ನು ನೋಡುತ್ತಿದ್ದಳು. ಶಾಂತಕುಮಾರನು ವಿಚಾರಿಸಿದನು: ಯಂತ್ರದಲ್ಲಿ ದೋಷವಿಲ್ಲ, ಆದರೂ ಬರುತ್ತಾಳೆ. ಹಾಗಾದರೆ? ಎದೆಯೊಳಗೊಂದು ಕಂಪ್ರೆಸರು ಚಾಲೂ ಆದಂತಾಯಿತು.

ಅಷ್ಟರಲ್ಲಿ ಆಕೆಯೇ, ತುಟಿಯ ಕೊನೆಯಲ್ಲಿ ನಗುತ್ತ, “ನಿಮ್ಮ ಅಂಗಡ್ಯಾಗ ಬರೋಬರಿ, ನಮ್ಮ ಅಂಗಳದಾಗ ಖೊಟ್ಟಿ. ನಾ ಮತ್ತ ಬರ್ಲಿ ಅಂತ ಏನರ ಸಡ್ಲ ಬಿಟ್ಟು ಕಳಸಾಕತ್ತೀರೇನು?” ಎಂದಳು.

ನಗಬೇಕಾದ ಮಾತಿಗೆ ಆತನ ಅಭಿಮಾನ ಹೆಡೆಯೆತ್ತಿತು. “ನನ್ನ ಕೈಯಾಗಿನ ಸ್ಕ್ರೂ ಸಡ್ಲ ಇರಂಗಿಲ್ರಿ! ಮಷೀನು ನೆಟ್ಟಗದ. ಬರಾಕ ನೆಪ ಹುಡಕೋರು ನೀವು!”

ಆಕೆಯ ನಗು ಆರಿತು. “ನಾಡಿದ್ದ ಎಂಟು ಮಂದಿ ಇದರಾಗ ಕೂಡ್ತಾರ. ನನಗ ನೆಪದ ಹುಚ್ಚಿಲ್ಲ.”

ಗಾಡಿ ರೊಯ್ಯನೆ ಹೊರಟಿತು. ಎಡಗೋಡೆಯ ಸುಣ್ಣ ಒಂದು ಗೇಣು ಉದ್ದಕ್ಕೆ ಕಿತ್ತುಹೋಯಿತು. ಮೂರು ದಿನ ಗೋಡೆಯನ್ನು ಸೋಕದಿದ್ದವಳು! ಆ ಗೀರನ್ನು ನೋಡುತ್ತ ನಿಂತ ಶಾಂತಕುಮಾರನಿಗೆ ತಾನು ಕೆಡಿಸಿದ್ದು ಎಷ್ಟೆಂಬುದು ತಿಳಿಯಿತು.

ಶನಿವಾರ, ಹೇಳದೆ ಕೇಳದೆ, ಮೊದಲ ಬಸ್ಸಿಗೇ ಘತ್ತರಗಿಗೆ ಹೋಗಿ ಇಳಿದನು. ಬೇವಿನ ಮರದ ಕೆಳಗೆ ಗಾಡಿ, ಒಳಗೆ ಎ.ಸಿ. ಗೊಣಗುತ್ತಿತ್ತು, ಬಾಗಿಲಲ್ಲಿ ಜಯಮಾಲಾ ಮೊರದಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

“ಈಗ ಯಾರು ನೆಪ ಹುಡಕ್ಯಾರ?” ಎಂದಳು.

“ನೆಟ್ಟಗಿದ್ದಾಗ ಮೂರು ದಿನ ನೋಡೀನ್ರಿ. ಕೆಟ್ಟಾಗ ಒಮ್ಮೆ ನೋಡಬೇಕು.”

ಸ್ಟೂಲು ಹತ್ತಿ ಜಾಳಿಗೆಯ ಎರಡನೆಯ ಸ್ಕ್ರೂ ತಿರುವಿದ್ದೇ ತಡ, ಬಿಳಿಯ ಬಟ್ಟೆಯ ಗಂಟೊಂದು ಧೊಪ್ಪನೆ ತಲೆಯ ಮೇಲೆ ಬಿದ್ದು ಬಿಚ್ಚಿಕೊಂಡಿತು. ನಲವತ್ತು ಕಡಕ್ ರೊಟ್ಟಿ! ಕೂದಲಲ್ಲಿ, ಕಿವಿಯಲ್ಲಿ, ಅಂಗಿಯ ಜೇಬಿನಲ್ಲಿ ಜೋಳದ ಚೂರು.

ಹೀರಾಬಾಯಿ ಓಡಿ ಬಂದಳು. “ಎಣ್ಣಿ ಕೈ ಹಚ್ಚಬ್ಯಾಡೋ ತಮ್ಮಾ! ಯಾತ್ರಿ ಮಂದಿಗಿ ಮಾಡಿಟ್ಟ ರೊಟ್ಟಿ ಅವ.”

“ಅತ್ತಿ! ಅಲ್ಲಿ ಯಾಕ ಇಟ್ಟಿ?” ಎಂದು ಜಯಮಾಲಾ ಚೀರಿದಳು.

“ಇವನ ಹೇಳಿದ್ದ, ಒಣಗಿರ್ತದ, ಇರಬಿ ಬರಂಗಿಲ್ಲಂತ. ಮೆತ್ತಗಾದ್ರ ಕಡಕ್ ರೊಟ್ಟಿ ಯಾರು ತಿಂತಾರ? ನೀ ಅಂಗಡಿಗಿ ಹೊಂಟಾಗೆಲ್ಲ ತೆಗೆದು ಇಟ್ಟೀನಿ, ಇವನ ಕೈ ಹತ್ತಬಾರ್ದಂತ.”

ಜಯಮಾಲಾ ನಕ್ಕಳು, ಶಾಂತಕುಮಾರನೂ ನಕ್ಕನು, ಆಮೇಲೆ ಇಬ್ಬರಿಗೂ ಒಮ್ಮೆಲೇ ಹೊಳೆಯಿತು. ದೋಷ ಗಾಳಿಯ ದಾರಿ ಕಟ್ಟಿದ ರೊಟ್ಟಿಯದಾದರೆ, ನೆಪ ಯಾರದೂ ಅಲ್ಲ. ಮೂರು ದಿನ ಎದೆಯಲ್ಲಿ ಬಚ್ಚಿಟ್ಟುಕೊಂಡ ಸವಿಗೆ ಆಧಾರವೇ ಇರಲಿಲ್ಲ.

“ಅಂದ್ರ, ನೀವು ಏನೂ ಸಡ್ಲ ಬಿಟ್ಟಿದ್ದಿಲ್ಲ,” ಎಂದು ಆಕೆ ಮೆಲ್ಲಗೆ ಕೇಳಿದಳು.

“ಇಲ್ರಿ.”

“ಒಂದು ಸ್ಕ್ರೂ ಸೈತ?”

“ಇಲ್ರಿ.”

ಆಕೆಯ ರೆಪ್ಪೆಗಳು ಬಾಗಿದವು. ಯಂತ್ರದ ಅತಿ ಸಣ್ಣ ಸಪ್ಪಳವನ್ನೂ ಹಿಡಿಯಬಲ್ಲವನು ಅದನ್ನು ಕಾಣದೆ ಇರಲಿಲ್ಲ. ಜಾಳಿಗೆ ಕೂಡಿಸಿದನು. ಗಾಳಿ ಭರ್ರೆಂದಿತು. ಥರ್ಮಾಮೀಟರಿನ ಅಂಕಿ ಇಳಿದು ಇಳಿದು ಹದಿನೆಂಟಕ್ಕೆ ನಿಂತಿತು. ಇನ್ನು ಪೆಟ್ಟಿಗೆ ಎತ್ತಿಕೊಂಡು ಬಸ್ಸು ಹಿಡಿಯುವುದಷ್ಟೇ ಉಳಿದಿತ್ತು.

ಗಾಳಿಯ ಕೆಳಗೆ ಬಂದು ನಿಂತ ಜಯಮಾಲಾ ಸೆರಗನ್ನು ಎರಡೂ ಭುಜಕ್ಕೆ ಬಿಗಿಯಾಗಿ ಹೊದ್ದುಕೊಂಡಳು. ಹಲ್ಲು ಕಟಕಟಿಸುತ್ತ, ನೇರ ಆತನ ಕಣ್ಣೊಳಗೆ ನೋಡಿ ಹೇಳಿದಳು: “ಇನ್ನೂ ಥಂಡಿ ಆಗವಲ್ದು ನೋಡ್ರಿ.”

ಶಾಂತಕುಮಾರನು ಅಂಕಿಯನ್ನು ನೋಡಿದನು. ಆಕೆಯ ತೋಳಿನ ಮೇಲೆ ಎದ್ದುನಿಂತ ರೋಮಗಳನ್ನು ನೋಡಿದನು. ನೆಲೋಗಿಯ ಫ್ರಿಜ್ಜು ಒಮ್ಮೆ ನೆನಪಿಗೆ ಬಂದು ಹೋಯಿತು. ಥರ್ಮಾಮೀಟರನ್ನು ರೊಟ್ಟಿಚೂರು ತುಂಬಿದ ಜೇಬಿಗೆ ಇಳಿಬಿಟ್ಟನು.

“ಹೌದ್ರಿ,” ಎಂದನು. “ಮಷೀನು ಭಾಳ ಕೆಟ್ಟದ. ನಾಳಿ ಸೊನ್ನದ ತನಕ ನಾನೂ ಕುಂತು ಬರಬೇಕಾಗ್ತದ. ಆಮ್ಯಾಲ... ನೀವು ಒಪ್ಪಿದ್ರ, ಜಲ್ಮಭರ ನೋಡಕೋತ ಇರಬೇಕಾಗ್ತದ.”

“ಜಲ್ಮಭರ ಅಂತೀರಿ. ನಡುವ ಬ್ಯಾಸರ ಆದ್ರ?”

“ಗ್ವಾಡಿ ಮ್ಯಾಲಿನ ಗೀರಿಗಿ ನಾ ಸುಣ್ಣ ಹಚ್ಚಸಂಗಿಲ್ರಿ. ಬ್ಯಾಸರ ಆದಾಗ ಅದನ್ನ ನೋಡತೇನಿ.”

ಜಯಮಾಲಾ ಮೆಲ್ಲಗೆ ಕೈಯೆತ್ತಿ, ಆತನ ಕಿವಿಯ ಹಿಂದೆ ಸಿಕ್ಕಿಕೊಂಡಿದ್ದ ರೊಟ್ಟಿಚೂರನ್ನು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು.

ಕೆಳಗೆ ಚೂರು ಆರಿಸುತ್ತಿದ್ದ ಹೀರಾಬಾಯಿ ತಲೆಯೆತ್ತಲೂ ಇಲ್ಲ.

“ಇಷ್ಟು ಖರೇ ಹುಡುಗ, ನಮ್ಮ ಸಲುವಾಗಿ ಸುಳ್ಳಾಡಬ್ಯಾಡೋ ತಮ್ಮಾ. ಮಷೀನು ಕೆಡಬೇಕಂದ್ರ ಹೇಳು, ರೊಟ್ಟಿ ಮತ್ತ ಒಳಗ ಇಡ್ತೇನಿ.”